ಸೋಮನ ಹಣೆಯ ವಿಭೂತಿ

ನಿದ್ರಿಸುವ ಜೀವಿಯ ಅಂತರಂಗವನ್ನು ಬಲ್ಲವರು ಮೂರು ಲೋಕದಲ್ಲೂ ಇಲ್ಲ. ಈ ಗಹನವಾದ ಮಾತಿಗೆ ಅಪವಾದ ನಮ್ಮ ನಾಯಿ ಸೋಮ. ಎಂಥ ಗಾಢನಿದ್ರೆಯಲ್ಲಿದ್ದರೂ, ವಿದ್ಯಾನಗರದ ನಮ್ಮ ಮನೆಯಲ್ಲಿ ಮಂಡಕ್ಕಿ ಪೊಟ್ಟಣ ಬಿಚ್ಚಿದ ಸದ್ದಾದರೆ ಸಾಕು, ಅವನ ಅಂತರಂಗವೆಲ್ಲ ಬಾಲಕ್ಕೆ ಬಂದುಬಿಡುತ್ತದೆ. ಕಾಲೇಜಿನಲ್ಲಿ ತರ್ಕಶಾಸ್ತ್ರ ಬೋಧಿಸುತ್ತ, ಕಣ್ತೆರೆದು ನಿದ್ರಿಸುವವರನ್ನೂ ಕಣ್ಮುಚ್ಚಿ ಆಲಿಸುವವರನ್ನೂ ಕಡೆಯವರೆಗೆ ಬೇರ್ಪಡಿಸಲಾರದೆ ನಿವೃತ್ತನಾದ ನನಗೆ ಇಂಥ ಸರಳ ಪರೀಕ್ಷೆ ಆಗ ಹೊಳೆಯಲಿಲ್ಲ.

ಸೋಮನ ಪಕ್ಕೆಯಲ್ಲೊಂದು ಗಡ್ಡೆ ಬೆಳೆದಾಗ ಅವನನ್ನು ಹರಿಹರಕ್ಕೆ ಒಯ್ದೆವು. ಅಲ್ಲಿ ನನ್ನಾಕೆಯ ಅಕ್ಕನ ಮಗಳು ಸುಮಾ ಪಶುವೈದ್ಯೆ. ಮೂಗಿನಿಂದೆಳೆದುಕೊಳ್ಳುವ ಅರಿವಳಿಕೆಯ ಅನಿಲ ಪ್ರಾಣಿಗಳ ಮಿದುಳಿನ ವಿದ್ಯುತ್ತನ್ನು ಹೇಗೆ ಮಂದಗೊಳಿಸುತ್ತದೆಂದು ಅಳೆಯುವುದೇ ಓದುವ ಕಾಲದಲ್ಲಿ ಅವಳ ಕೆಲಸವಾಗಿತ್ತು. ಆ ಅಳತೆಯ ಯಂತ್ರವನ್ನು ಸೋಮನಿಗೂ ಜೋಡಿಸುವೆನೆಂದಳು.

"ವಯಸ್ಸಾಗೈತೆ, ಹೃದಯ ಗಟ್ಟಿ ಇಲ್ಲ, ಚಿಗಪ್ಪಾ. ಗ್ಯಾಸ್ ಜಾಸ್ತಿ ಆದ್ರೆ ಏಳಾದಿಲ್ಲ. ಕಡಿಮಿ ಆದ್ರೆ ನೋವು ಗೊತ್ತಾಗ್ತೈತೆ."

ಹಣೆಯ ಕೂದಲು ಬೋಳಿಸಿ, ಒರೆಸಿ, ಅವಳು ಕೈ ತೊಳೆಯಲು ಹೋದಳು. ಹದವಾಗಿ ಅಣಿಗೊಂಡ, ನುಣುಪಾದ, ವಿಶಾಲವಾದ ಹಣೆಯೊಂದು ಎದುರಿಗೆ ಬರಿದಾಗಿರುವುದನ್ನು ನನ್ನಾಕೆ ಜನ್ಮದಲ್ಲಿ ಸಹಿಸಿದವಳಲ್ಲ. ಚೀಲದಿಂದ ವಿಭೂತಿಯುಂಡೆ ತೆಗೆದು, ಮೂರು ಬೆರಳಲ್ಲಿ ಉದಾರವಾಗಿ ಬಳಿದಳು. ಬಳಿಕ ಬಂದ ಕಾಂಪೌಂಡರ್ ಹನುಮಂತಪ್ಪ ಅದರ ಮೇಲೆಯೇ ತಂತಿಯ ಬಿಲ್ಲೆಗಳನ್ನು ಅಂಟಿಸಿದ.

ಅನಿಲ ಹರಿಯಿತು. ಸೋಮನ ನಾಲಿಗೆ ಜೋತುಬಿತ್ತು, ದವಡೆ ಸಡಿಲವಾಯಿತು. ಯಂತ್ರದ ತೆರೆಯ ಮೇಲಿನ ಗೆರೆ ಮಾತ್ರ ಹುಚ್ಚೆದ್ದು ಕುಣಿಯತೊಡಗಿತು. ನಾನೂ ನನ್ನಾಕೆಯೂ ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು.

"ಇನ್ನೂ ಎಚ್ಚರ ಐತೇನ್ರಿ ಮೇಡಂ? ಗ್ಯಾಸ್ ಏರಿಸ್ಲಾ?" ಎಂದ ಹನುಮಂತಪ್ಪ.

"ತಡಿ, ಮುಟ್ಟಬ್ಯಾಡ!" ಸುಮಾ ರೆಪ್ಪೆ ಮುಟ್ಟಿ ನೋಡಿದಳು, ಮಿಸುಕಲಿಲ್ಲ. ಬಿಲ್ಲೆಯೊಂದನ್ನು ಕಿತ್ತಳು. "ಇದೇನಿದು ಬೆಳ್ಳಗೆ?"

"ನೀವು ಹಚ್ಚಿರೋ ಔಷಧಿ ಪುಡಿ ಅನ್ಕಂಡೆ."

ಸುಮಾ ತಿರುಗಿ ನೋಡಿದಳು. "ಚಿಗವ್ವಾ!"

"ಆಪರೇಶನ್ ಅಂದ್ಮೇಲೆ ಬರೀ ಹಣೇಲಿ ಹೆಂಗೆ ಮಲಗಸ್ತೀಯೆ?" ಎಂದಳು ನನ್ನಾಕೆ, ತಪ್ಪು ಸುಮಾಳದೇ ಎಂಬಂತೆ.

ಒಣಬೂದಿ ಅಡ್ಡವಾಗಿ, ಮಿದುಳಿನ ಸಂದೇಶದ ಬದಲು ಗೋಡೆಯ ವಿದ್ಯುತ್ ತಂತಿಗಳ ಗದ್ದಲವನ್ನು ಯಂತ್ರ ಬರೆಯುತ್ತಿತ್ತಂತೆ. ಒರೆಸಿ ಮತ್ತೆ ಅಂಟಿಸಿದೊಡನೆ ಗೆರೆ ಇಳಿಯಿತು. ದೊಡ್ಡ, ಸಾವಧಾನದ, ಹೊಟ್ಟೆ ತುಂಬಿದ ಅಲೆಗಳು. ಅನಿಲ ಏರಿಸುವುದಿರಲಿ, ತುಸು ಇಳಿಸಬೇಕಾಯಿತು. ಗೋಡೆಯ ಗದ್ದಲ ನಂಬಿ ತಿರುಪು ತಿರುಗಿಸಿದ್ದರೆ? ತರ್ಕಶಾಸ್ತ್ರಜ್ಞನಾಗಿಯೂ ಆ ತರ್ಕವನ್ನು ನಾನು ಮುಂದುವರಿಸಲಿಲ್ಲ. ದೇವರಿಗೂ ಯಂತ್ರಕ್ಕೂ ಬೇಕಾಗಿದ್ದುದು ಆ ಒಂದೇ ಹಣೆ; ಯಾರು ಮೊದಲು ಎಂಬುದಷ್ಟೇ ತಕರಾರು.

ಹೊಲಿಗೆ ಮುಗಿದ ಮೇಲೆ ಸುಮಾ ಬಿಲ್ಲೆಗಳನ್ನು ಕಿತ್ತು, "ಈಗ ಎಷ್ಟಾದ್ರೂ ಬಳೀರಿ," ಎಂದಳು. ಬಳಿಯಲಾಯಿತು.

ಸಂಜೆ ಮನೆಯಲ್ಲಿ, ಏನೂ ತಿನ್ನಿಸಬಾರದೆಂಬ ಸುಮಾಳ ಆಜ್ಞೆಯನ್ನು ಮೀರದೆ, ಮಂಡಕ್ಕಿ ಪೊಟ್ಟಣವನ್ನು ಬಿಚ್ಚಿ ಸದ್ದು ಮಾಡಿದೆ. ಸೋಮ ಕಣ್ಣು ತೆರೆಯಲಿಲ್ಲ. ಬಾಲ ಅಲ್ಲಾಡಿತು.