ಸೊರಬದಲ್ಲಿ ಕೂತು ಯುರೋಪನ್ನು ನಡೆಸಿದವರು

ಮೊನ್ನೆ ಕ್ಷೌರದಂಗಡಿಯಲ್ಲಿ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಸಿಕೊಂಡು ಕೂತಿದ್ದೆ. ನನ್ನ ತಲೆಯಲ್ಲಿ ಕತ್ತರಿಸುವಂಥದ್ದು ಹೆಚ್ಚೇನೂ ಉಳಿದಿಲ್ಲ. ಆದರೂ ತಿಂಗಳಿಗೊಮ್ಮೆ ಹೋಗುತ್ತೇನೆ, ನನಗಿಂತ ಕಡಿಮೆ ಕೂದಲಿನವರು ಅಲ್ಲಿ ಸಿಗುತ್ತಾರೆಂಬ ಸಮಾಧಾನಕ್ಕೆ. ಕನ್ನಡಿಯ ಮೇಲೊಂದು ಟಿ.ವಿ. ಅದರಲ್ಲಿ ಕೋಟು ತೊಟ್ಟ ನಾಲ್ವರು, ಯುರೋಪಿನ ಕೈಗಾರಿಕೆ ಯಾಕೆ ಹಿಂದೆ ಬಿತ್ತು, ಅಲ್ಲಿಗೆ ಎಂಥ ನಾಯಕತ್ವ ಬೇಕು, ಯಾವ ತಂತ್ರಜ್ಞಾನ ತಂದರೆ ಅದು ಮತ್ತೆ ಎದ್ದು ನಿಂತೀತು ಎಂದು ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ಹೇಳುತ್ತಿದ್ದರು. "ಈಗಲೇ ನಿರ್ಧಾರ ಮಾಡದಿದ್ದರೆ ಬಹಳ ತಡವಾಗುತ್ತದೆ" ಎಂದು ಒಬ್ಬರು ಮೇಜು ಗುದ್ದಿದರು. ನನಗೆ ನಗು ತಡೆಯಲಾಗಲಿಲ್ಲ. ಕ್ಷೌರದವನು ಕತ್ತರಿ ಮೇಲೆತ್ತಿ, "ಅಲ್ಲಾಡಬೇಡಿ ಸಾರ್, ಕಿವಿ ಹೋಗ್ತದೆ" ಅಂದ.

ಕಿವಿ ಉಳಿಸಿಕೊಂಡೆ. ಮನಸ್ಸು ಮಾತ್ರ ಅಷ್ಟರಲ್ಲೇ ಸೊರಬದ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಒಂದು ಬಟ್ಟೆ ಅಂಗಡಿಯ ಮಹಡಿ ಹತ್ತಿಬಿಟ್ಟಿತ್ತು. ನೀವು ನಂಬುತ್ತೀರೋ ಇಲ್ಲವೋ, ಐವತ್ತರ ದಶಕದ ಕೊನೆಯಲ್ಲಿ ಎರಡು ವರ್ಷ ಯುರೋಪನ್ನು ನಡೆಸುತ್ತಿದ್ದವರು ನಾವು. ಪ್ರತಿ ಭಾನುವಾರ, ಸಂಜೆ ನಾಲ್ಕರಿಂದ ಆರರವರೆಗೆ.

ಆಗ ನನಗೆ ಇಪ್ಪತ್ತನಾಲ್ಕು. ಶಿಕಾರಿಪುರದವನು, ಸೊರಬದ ಶಾಲೆಯಲ್ಲಿ ಮೇಷ್ಟ್ರು. ನನ್ನ ಮಾತಿನಲ್ಲಿ ಬಯಲುಸೀಮೆಯ ಗಾಳಿ ಸ್ವಲ್ಪ ಸುಳಿಯುತ್ತಿತ್ತು. ನಾನು "ಬರ್ರಿ" ಅಂದರೆ ಸೊರಬದವರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಹಾಗಾಗಿ ಕಡಿಮೆ ಮಾತಾಡಿ ಹೆಚ್ಚು ಬರೆಯುವ ಕೆಲಸ ಎಲ್ಲಿದ್ದರೂ ಒಪ್ಪಿಕೊಳ್ಳುತ್ತಿದ್ದೆ. ಹೀಗೆ 'ಲೋಕವಿಚಾರ ಮಂಡಳಿ'ಯ ಕಾರ್ಯದರ್ಶಿಯಾದೆ. ಸಭೆಯ ನಡವಳಿ ಪುಸ್ತಕ ಬರೆಯುವುದು ನನ್ನ ಕೆಲಸ.

ಮಂಡಳಿಯ ಅಧ್ಯಕ್ಷರು ಆ ಬಟ್ಟೆ ಅಂಗಡಿಯ ಮಾಲೀಕರಾದ ರುದ್ರಪ್ಪ ಸಾಹುಕಾರರು. ಎತ್ತರದ ಆಳು, ಮಾತಾಡುವ ಮೊದಲು ಶಾಲು ಸರಿಮಾಡಿಕೊಂಡು ಕಿಟಕಿಯಾಚೆ ದೂರಕ್ಕೆ ನೋಡುವರು. ಅಲ್ಲಿ ಕಾಣುತ್ತಿದ್ದದ್ದು ಬಸ್ಸಿನ ಟಾಪಿಗೆ ಮೂಟೆ ಏರಿಸುವ ಹಮಾಲರು. ಅವರು ನೋಡುತ್ತಿದ್ದದ್ದು ಮುಂದಿನ ಇಪ್ಪತ್ತು ವರ್ಷ. "ಲೀಡರ್ ಅನ್ನೋನಿಗೆ ದೂರದೃಷ್ಟಿ ಬೇಕ್ರೀ" ಎಂದು ಪ್ರತಿ ಸಭೆಯಲ್ಲೂ ಹೇಳುವರು. ಅವರ ಅಂಗಡಿಯ ಮಹಡಿ ಮೆಟ್ಟಿಲಲ್ಲಿ ಮೂರನೆಯದು ಮುರಿದು ಎರಡು ವರ್ಷವಾಗಿತ್ತು. ಅದು ತೀರ ಹತ್ತಿರವಿದ್ದದ್ದರಿಂದ ಅವರಿಗೆ ಕಂಡಿರಲಿಲ್ಲ.

ಮಂಡಳಿಯ ಮಿದುಳು ಶಾಮರಾಯರು. ಸಬ್ ರಿಜಿಸ್ಟ್ರಾರ್ ಆಗಿ ನಿವೃತ್ತರಾದವರು. ಶಿವಮೊಗ್ಗದ ಬಸ್ಸಿನಲ್ಲಿ ಒಂದು ದಿನ ತಡವಾಗಿ ಬರುತ್ತಿದ್ದ ಇಂಗ್ಲಿಷ್ ಪೇಪರನ್ನು ಇಸ್ತ್ರಿ ಮಾಡಿದಂತೆ ಮಡಚಿಟ್ಟುಕೊಂಡು ಬಂದು ನಮಗೆ ಅರ್ಥ ಹೇಳುವರು. ಉಳಿದ ಐದಾರು ಜನ ಸದಸ್ಯರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಗಾಗಿ ಬರುತ್ತಿದ್ದರು. ಪ್ರಾಮಾಣಿಕರು ಅವರೇ ಎಂದು ಈಗ ಅನ್ನಿಸುತ್ತದೆ.

ಆ ಕಾಲದಲ್ಲಿ ಯುರೋಪಿನ ಆರು ದೇಶಗಳು ತಮ್ಮ ತಮ್ಮ ನಡುವಿನ ಸುಂಕದ ಕಟ್ಟೆ ಕಿತ್ತು ಒಂದೇ ಮಾರುಕಟ್ಟೆ ಮಾಡಿಕೊಳ್ಳಲು ಹೊರಟಿದ್ದವು. ಇಂಗ್ಲೆಂಡು ಹೊರಗೆ ನಿಂತಿತ್ತು. ಇದು ಸರಿಯೋ ತಪ್ಪೋ ಎಂಬುದನ್ನು ನಾವು ಏಳು ಭಾನುವಾರ ಚರ್ಚಿಸಿದೆವು. ಚರ್ಚೆಗೆ ಅನುಕೂಲವಾಗಲೆಂದು ನಾನು ಶಾಲೆಯ ಗೋಡೆಯಿಂದ ಯುರೋಪಿನ ನಕಾಶೆ ಬಿಚ್ಚಿ ತಂದು ಮಹಡಿಯಲ್ಲಿ ತೂಗುಹಾಕಿದ್ದೆ. ಆ ವರ್ಷ ನನ್ನ ತರಗತಿಯ ಮಕ್ಕಳು ಬರಿಯ ಮೊಳೆ ನೋಡಿಕೊಂಡು ಯುರೋಪನ್ನು ಕಲಿತರು.

ಬೆಲ್ಜಿಯಂನಲ್ಲಿ ಕಲ್ಲಿದ್ದಲು ಗಣಿಗಳು ಮುಚ್ಚುತ್ತಿವೆ, ಕೆಲಸಗಾರರು ಬೀದಿಗೆ ಬೀಳುತ್ತಿದ್ದಾರೆ ಎಂದು ಶಾಮರಾಯರು ಒಂದು ದಿನ ಓದಿದಾಗ ಸಾಹುಕಾರರು ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. "ಪಾಪ, ಯಂತ್ರಗಳು ಬಂದು ಅವ್ರ ಅನ್ನ ಕಸಿದ್ವು" ಅಂದರು. ಇಬ್ಬರು ಸದಸ್ಯರು ಬಜ್ಜಿ ಕೆಳಗಿಟ್ಟರು.

ಹೀಗೆ ಯುರೋಪು ಒಂದು ಹದಕ್ಕೆ ಬರುತ್ತಿರುವಾಗ ನಮ್ಮ ತಾಲೂಕಿನ ವಿಚಾರ ನಡುವೆ ನುಗ್ಗಿತು. ನಮ್ಮ ಮಂಡಳಿಯವರೇ ತಾಲೂಕಿನ ಸಣ್ಣ ರೈತರ ಸಹಕಾರ ಸಂಘದ ಕಮಿಟಿಯಲ್ಲೂ ಇದ್ದರು. ಸರ್ಕಾರದಿಂದ ಆ ಸಂಘಕ್ಕೆ ಒಂದು ಕಾಗದ ಬಂತು: ಭತ್ತ ಅಕ್ಕಿ ಮಾಡುವ ಒಂದು ಯಂತ್ರ, ಅದನ್ನು ಓಡಿಸಲು ಒಂದು ಕ್ರೂಡಾಯಿಲ್ ಇಂಜಿನ್ ಕೊಡುತ್ತೇವೆ, ಯಾವ ಹಳ್ಳಿಗೆ, ಎಂಥ ಇಂಜಿನ್ ಎಂದು ತಿಂಗಳೊಳಗೆ ತೀರ್ಮಾನ ಮಾಡಿ ಕಳಿಸಿ, ಇಲ್ಲವಾದರೆ ಬೇರೆ ತಾಲೂಕಿಗೆ ಹೋಗುತ್ತದೆ.

ಸುದ್ದಿ ಹೇಗೆ ಹಬ್ಬಿತೋ, ಮುಂದಿನ ಭಾನುವಾರ ನಾವು ಕೂತಿದ್ದಾಗ ಮೆಟ್ಟಿಲಲ್ಲಿ ಧಡಕ್ಕೆಂದು ಸದ್ದಾಯಿತು. ಆಮೇಲೆ ಒಂದು ಹೆಂಗಸಿನ ದನಿ: "ಎಂತ ಮೆಟ್ಲು ಮಾರಾಯ್ರೆ ಇದು! ಕಾಲು ಮುರಿದು ಹೋಗ್ತಿತ್ತಲ್ಲ. ಮೊದ್ಲು ಇದನ್ನ ಸರಿ ಮಾಡ್ಸಿ."

ಹೊಸಬಾಳೆ ಎಂಬ ಹಳ್ಳಿಯ ಹಾಲಮ್ಮ ನಮ್ಮ ಮಂಡಳಿ ಪ್ರವೇಶಿಸಿದ್ದು ಹೀಗೆ. ನಲವತ್ತೈದರ ಆಸುಪಾಸು, ಗಟ್ಟಿ ಮೈ, ಬಾಯಲ್ಲಿ ಎಲೆಯಡಿಕೆ. ಗಂಡ ಗದ್ದೆ ನೋಡಿಕೊಳ್ಳುತ್ತಿದ್ದ. ಗಂಡನನ್ನೂ ಸೇರಿಸಿ ಉಳಿದದ್ದೆಲ್ಲವನ್ನೂ ಹಾಲಮ್ಮ ನೋಡಿಕೊಳ್ಳುತ್ತಿದ್ದಳು.

"ಮಿಷನ್ನು ನಮ್ಮೂರಿಗೆ ಬೇಕ್ರೀ" ಎಂದು ನಿಂತೇ ಹೇಳಿದಳು. "ಗಾಡಿ ಕಟ್ಟಿ ಮಿಲ್ಲಿಗೆ ಹೋದ್ರೆ ಇಡೀ ದಿನ ಕಾಯ್ಬೇಕು. ಗಂಡಸ್ರು ಅದಕ್ಕೆ ಗಾಡಿ ಕೊಡಲ್ಲ. ಹೆಂಗಸ್ರು ಕುಟ್ತೀವಿ. ಹೋದ ವರ್ಷ ನಮ್ ಸೊಸೆ ಏಳು ತಿಂಗಳ ಬಸುರಿ. ಒನಕೆ ಹಿಡಿದೋಳು ಒರಳಿನ ಮೇಲೇ ಬಿದ್ಲು. ಕೂಸು ಉಳೀಲಿಲ್ಲ. ಈಗ ಮತ್ತೆ ಮೂರು ತಿಂಗಳು. ಕುಟ್ಬೇಡ ಅಂತೀನಿ. ಕುಟ್ದೆ ಉಣ್ಣೋದು ಹೆಂಗೆ?"

ಸಾಹುಕಾರರು ಕಿಟಕಿಯಾಚೆ ನೋಡಿದರು. "ಪರಿಶೀಲಿಸ್ತೀವಿ ತಾಯಿ. ಮುಂದಿನ ವಾರ ಬಾ."

ಮುಂದಿನ ವಾರ ಬಂದಳು. ಒಳಗೆ ಜಾಗವಿಲ್ಲವೆಂದು ಮೇಲಿನ ಮೆಟ್ಟಿಲ ಮೇಲೆ ಕೂತಳು. ನಾವು ಇಂಜಿನ್ ಇಂಗ್ಲೆಂಡಿನದಾಗಬೇಕೋ ಜರ್ಮನಿಯದಾಗಬೇಕೋ ಎಂಬಲ್ಲಿಗೆ ಬಂದಿದ್ದೆವು. ಇಂಗ್ಲೆಂಡು ಆ ಹೊಸ ಮಾರುಕಟ್ಟೆಯ ಹೊರಗಿರುವುದರಿಂದ ಅದರ ಕಾರ್ಖಾನೆಗಳು ಸೊರಗುತ್ತವೆ, ಹತ್ತು ವರ್ಷದ ಮೇಲೆ ಬಿಡಿಭಾಗ ಸಿಗುವುದಿಲ್ಲ ಎಂದರು ಶಾಮರಾಯರು. ಯುದ್ಧದಲ್ಲಿ ನೆಲಕಚ್ಚಿದ ದೇಶ ಇಷ್ಟು ಬೇಗ ಎದ್ದದ್ದೇ ಅನುಮಾನಕ್ಕೆ ಎಡೆ, ಜರ್ಮನಿಯನ್ನು ನಂಬುವಂತಿಲ್ಲ ಎಂದರು ಸಾಹುಕಾರರು. ಎರಡು ಗಂಟೆ ಕಳೆಯಿತು. ತೀರ್ಮಾನವನ್ನು ಮುಂದೂಡಿ, ಅದಕ್ಕೊಂದು ಉಪಸಮಿತಿ ಮಾಡಿ, ಎಲ್ಲರೂ ಮೂರನೇ ಮೆಟ್ಟಿಲು ದಾಟಿ ಇಳಿದು ಹೋದರು.

ನಾನು ನಡವಳಿ ಬರೆದು ಮುಗಿಸುತ್ತಿದ್ದೆ. ಹಾಲಮ್ಮ ಹತ್ತಿರ ಬಂದು ನಿಂತಳು.

"ಹೋದ ವಾರ ನಾ ಹೇಳಿದ್ನಲ್ಲ, ಎಂತ ಬರ್ಕಂಡ್ರಿ ಮೇಷ್ಟ್ರೆ? ಓದಿ ನೋಡಾಣ."

ಓದಿದೆ: "ಹೊಸಬಾಳೆಯ ಮಹಿಳೆಯೊಬ್ಬರು ಸ್ಥಳೀಯ ಸಮಸ್ಯೆಯೊಂದನ್ನು ಪ್ರಸ್ತಾಪಿಸಿದರು. ಗಮನಿಸಲಾಯಿತು."

"ಇಷ್ಟೇನ್ರೀ?"

"ಇದು ಸಾರಾಂಶ, ಹಾಲಮ್ಮ."

"ಹಂಗಂದ್ರೆ?"

ಮೇಷ್ಟ್ರಲ್ಲವೇ, ವಿವರಿಸಿದೆ: "ಹೇಳಿದ್ದೆಲ್ಲ ಬರೆಯೋದಿಲ್ಲ. ಮುಖ್ಯವಾದದ್ದಷ್ಟೇ ಬರೆಯೋದು."

ಅವಳು ಪುಸ್ತಕದ ಆ ಎರಡು ಸಾಲುಗಳನ್ನು ನೋಡಿದಳು. "ಹಂಗಾರೆ ನಮ್ ಕೂಸು ಮುಖ್ಯ ಅಲ್ಲ" ಅಂದಳು. ಸಿಟ್ಟಿರಲಿಲ್ಲ. ಗೊತ್ತಾಗದ ಪದವೊಂದರ ಅರ್ಥ ತಿಳಿದುಕೊಂಡವಳ ಹಾಗೆ ಹೇಳಿದಳು.

ನನ್ನ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಪೆನ್ನು ತೆರೆದು, "ಮತ್ತೆ ಹೇಳಿ, ಹೇಳಿದ ಹಾಗೇ ಬರೀತೀನಿ" ಅಂದೆ. ಹೇಳಿದಳು. ಒಂದೂವರೆ ಪುಟವಾಯಿತು. ಕೆಳಗೆ ಹೆಬ್ಬೆಟ್ಟು ಒತ್ತಿದಳು. ಯಂತ್ರ ಮಂಜೂರು ಮಾಡುವ ಅಧಿಕಾರಿ ಆ ವಾರ ಶಿಕಾರಿಪುರದಲ್ಲಿ ಕ್ಯಾಂಪು ಹಾಕಿದ್ದರು. ಅವರಿಗೆ ಕೊಡಿ ಎಂದು ಕೈಗಿತ್ತೆ. ನನ್ನನ್ನು ಧೀರನೆಂದುಕೊಳ್ಳಬೇಡಿ. ಅದನ್ನು ಬರೆದದ್ದು ಬಿಡಿ ಹಾಳೆಯ ಮೇಲೆ. ನಡವಳಿ ಪುಸ್ತಕದಲ್ಲಿ ಮೊದಲಿನ ಎರಡು ಸಾಲೇ ಉಳಿದವು. ಸಾಹುಕಾರರು ಓದಿದರೆ ಎಂಬ ಭಯ.

ಹೊರಡುವಾಗ ಹಾಲಮ್ಮ ತಿರುಗಿ ಕೇಳಿದಳು: "ಅಲ್ರೀ, ಆ ಗಣಿ ಕೆಲ್ಸ ಹೋದೋರು ಅಂತ ಇವತ್ತೂ ಹೇಳ್ತಿದ್ರಲ್ಲ, ಅವ್ರಿಗೆ ಬೇರೆ ಕೆಲ್ಸ ಸಿಕ್ತಾ?"

ಅಷ್ಟೂ ಭಾನುವಾರಗಳಲ್ಲಿ ನಮ್ಮಲ್ಲಿ ಯಾರೂ ಕೇಳಿರದ ಪ್ರಶ್ನೆ.

ಮಾರನೆಯ ದಿನವೇ ಬಸ್ಸು ಹತ್ತಿ ಶಿಕಾರಿಪುರಕ್ಕೆ ಹೋದಳು. ನಮ್ಮ ಮನೆ ಗುರುತು ಹೇಳಿದ್ದೆ. ನಮ್ಮವ್ವ ರೊಟ್ಟಿ ಹಾಕಿ ಕಳಿಸಿದಳಂತೆ. ಆಮೇಲೆ ನಾನು ಊರಿಗೆ ಹೋದಾಗ ಅವ್ವ ಅಂದಳು, "ಆಕಿ ಎಷ್ಟು ಛಂದ ಮಾತಾಡ್ತಾಳಪ್ಪ. ನೀನೂ ಸಾಲಿ ಕಲಿಯದಿದ್ರ ಹಂಗ ಮಾತಾಡ್ತಿದ್ದಿ ಏನೋ."

ಮೂರನೆಯ ಭಾನುವಾರ ಅಂಗಡಿಯ ಮುಂದೆ ಜೀಪು ನಿಂತಿತು. ಅಧಿಕಾರಿ ಸಣಕಲು ಮನುಷ್ಯ, ಕನ್ನಡಕ. ಸಾಹುಕಾರರು ಹಾರ ಹಾಕಿ, ಶಾಲು ಸರಿಮಾಡಿಕೊಂಡು, ಆರು ದೇಶಗಳ ಮಾರುಕಟ್ಟೆಯಿಂದ ಆರಂಭಿಸಿ ಮುಕ್ಕಾಲು ಗಂಟೆ ಮಾತಾಡಿದರು. ಅಧಿಕಾರಿ ಕನ್ನಡಕ ಒರೆಸಿದರು, ನಕಾಶೆ ನೋಡಿದರು, ಮತ್ತೆ ಕನ್ನಡಕ ಒರೆಸಿದರು. ಭಾಷಣ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದರು.

"ಹೊಸಬಾಳೆಯಲ್ಲಿ ಭತ್ತ ಕುಟ್ಟಿಯೇ ಉಣ್ಣೋ ಮನೆ ಎಷ್ಟು?"

ಸಾಹುಕಾರರು ಶಾಮರಾಯರನ್ನು ನೋಡಿದರು. ಶಾಮರಾಯರು ನನ್ನನ್ನು ನೋಡಿದರು. ನಾನು ಬಜ್ಜಿಯ ತಟ್ಟೆ ನೋಡಿದೆ. "ಅಂಕಿ-ಅಂಶ ತರಿಸಿಕೊಳ್ಳಬೇಕಾಗುತ್ತೆ ಸಾರ್" ಅಂದರು ಶಾಮರಾಯರು.

ಮೆಟ್ಟಿಲ ಮೇಲಿಂದ ಹಾಲಮ್ಮ ಹೇಳತೊಡಗಿದಳು. ಲೆಕ್ಕ ಹೇಳಲಿಲ್ಲ, ಮನೆ ಹೇಳಿದಳು. ಕೆರೆ ಕಡೆಯಿಂದ ಹಿಡಿದು ಒಂದೊಂದೇ ಮನೆ. ಯಾರ ಮನೆಯಲ್ಲಿ ಎಷ್ಟು ಬಾಯಿ, ಯಾರು ಕುಟ್ಟುತ್ತಾರೆ, ಯಾರಿಗೆ ಕೈ ನೋವು. ಅಧಿಕಾರಿ ಬರೆದುಕೊಂಡರು. ಆಮೇಲೆ, "ಇಂಜಿನ್ ಎಂಥದು ಬೇಕಮ್ಮ?" ಎಂದು ಕೇಳಿದರು.

"ನಮ್ಮೂರ ಕಮ್ಮಾರನಿಗೆ ಬಿಚ್ಚಿ ಕಟ್ಟಕ್ಕೆ ಬರೋಂಥದ್ದು ಕೊಡ್ರಿ" ಅಂದಳು.

ಸುಗ್ಗಿಗೆ ಮೊದಲೇ ಇಂಜಿನ್ ಲಾರಿಯಲ್ಲಿ ಹೊಸಬಾಳೆಗೆ ಬಂತು. ಎಲ್ಲರೂ ಅದರ ಮೈಮೇಲಿನ ಹಿತ್ತಾಳೆ ತಗಡಿಗೆ ಮುಖವಿಟ್ಟು ಓದಿದೆವು. ಇಂಗ್ಲೆಂಡೂ ಅಲ್ಲ, ಜರ್ಮನಿಯೂ ಅಲ್ಲ, ಕೊಯಮತ್ತೂರು. ಉಪಸಮಿತಿ ಅಲ್ಲಿಗೆ ವಿಸರ್ಜನೆಯಾಯಿತು.

ಆರಂಭದ ದಿನ ಟೇಪು ಕತ್ತರಿಸಿದ್ದು ಸಾಹುಕಾರರೇ. ಗಿರಣಿಯ ಗೋಡೆಗೆ ಒಂದು ಕಲ್ಲು ಕೂರಿಸಬೇಕೆಂದರು. ಅದರ ಒಕ್ಕಣೆ ನನ್ನದು, ಮೂರು ಸಲ ತಿದ್ದಿ ಬರೆದದ್ದು: 'ಲೋಕವಿಚಾರ ಮಂಡಳಿಯ ದೂರದೃಷ್ಟಿಯ ಫಲ.' ಅಡಿಯಲ್ಲಿ ನಮ್ಮ ಹೆಸರುಗಳು, ಕೊನೆಯಲ್ಲಿ ಕಾರ್ಯದರ್ಶಿಯದೂ. ಹಾಲಮ್ಮ ಕಲ್ಲಿನ ಮುಂದೆ ನಿಂತು ನನ್ನನ್ನು ಕೇಳಿದಳು, "ಎಂತ ಬರ್ಸೀರಿ?"

"ಹೊಸಬಾಳೆಯ ಅಕ್ಕಿ ಗಿರಣಿ ಅಂತ" ಎಂದೆ.

ಅದೇ ಹೊತ್ತಿಗೆ ಗುಂಪಿನಿಂದ ಕೆಂಚಮ್ಮ ಎಂಬಾಕೆ ಮುಂದೆ ಬಂದಳು. ಬೇರೆಯವರ ಮನೆಯ ಭತ್ತ ಕುಟ್ಟಿಕೊಟ್ಟು, ಸಿಕ್ಕ ನುಚ್ಚು ತೌಡಿನಲ್ಲಿ ಮಕ್ಕಳನ್ನು ಸಾಕುತ್ತಿದ್ದವಳು. "ನಿನ್ ಸೊಸೆ ಉಳ್ಕಂಡ್ಲು. ನನ್ ಒಲೆಗೆ ನೀರು ಹೊಯ್ದೆಲ್ಲ!" ಎಂದು ಹಾಲಮ್ಮನಿಗೆ ಎಲ್ಲರೆದುರು ಬೈದಳು. ಬೆಲ್ಜಿಯಂನ ಗಣಿ ಕೆಲಸಗಾರರಿಗಾಗಿ ಕಣ್ಣೊರೆಸಿಕೊಂಡಿದ್ದ ನಮ್ಮ ಸಾಹುಕಾರರು, "ಯಾರ್ರೀ ಅದು, ಆಚೆ ಕಳಿಸ್ರಿ" ಎಂದರು.

ಗಿರಣಿ ನೋಡಿಕೊಳ್ಳುವ ಕೆಲಸವನ್ನು ಊರವರು ಹಾಲಮ್ಮನಿಗೇ ಒಪ್ಪಿಸಿದ್ದರು. ಮುಂದಿನ ವಾರ ಕೆಂಚಮ್ಮನನ್ನು ಕರೆಸಿ ಗಿರಣಿಯಲ್ಲಿ ಅಕ್ಕಿ ಕೇರುವ ಕೆಲಸಕ್ಕೆ ಹಾಕಿದಳು. ಇಬ್ಬರೂ ಒಂದೇ ಸೂರಿನಡಿ ದುಡಿದರು, ಒಬ್ಬರನ್ನೊಬ್ಬರು ಮಾತಾಡಿಸಲಿಲ್ಲ. ಕೆಂಚಮ್ಮನ ಹಾಗೆ ಕುಟ್ಟಿ ಬದುಕುತ್ತಿದ್ದ ಇನ್ನಿಬ್ಬರು ಹೆಂಗಸರಿಗೆ ಕೆಲಸ ಕೊಡಲು ಹಾಲಮ್ಮನಿಂದಲೂ ಆಗಲಿಲ್ಲ. ಅವರು ಕೂಲಿ ಹುಡುಕಿಕೊಂಡು ಊರು ಬಿಟ್ಟರಂತೆ. ಉಳಿದಂತೆ ಗಿರಣಿಯಲ್ಲಿ ಅವಳದು ಸರ್ವಾಧಿಕಾರ. ಸಾಹುಕಾರರ ಆಳು ಮೂಟೆ ಹೊತ್ತು ಬಂದರೂ ಸಾಲಿನಲ್ಲೇ ನಿಲ್ಲಬೇಕು. ಕಮ್ಮಾರ ತಡವಾಗಿ ಬಂದರೆ ಕಮ್ಮಾರನ ಅಜ್ಜನವರೆಗೂ ಬೈಗುಳ ಹೋಗುತ್ತಿತ್ತು.

ಎರಡು ವರ್ಷದ ಮೇಲೆ ನನಗೆ ವರ್ಗವಾಯಿತು. ಅದಕ್ಕೆ ಮುಂಚೆ ಒಂದು ಬೆಳಿಗ್ಗೆ ಆನವಟ್ಟಿಯ ಬಸ್ಸಿನಲ್ಲಿ ಹಾಲಮ್ಮ ಸಿಕ್ಕಿದಳು. ತೊಡೆಯ ಮೇಲೆ ಗುಂಡುಗುಂಡಾದ ಒಂದು ಹೆಣ್ಣುಕೂಸು, ಸೊಸೆಯದು. ಅದು ನನ್ನ ಜೇಬಿನ ಪೆನ್ನಿಗೆ ಕೈಹಾಕಿ ಎಳೆಯತೊಡಗಿತು. ಆ ಮಗುವಿನ ಮುಖ ನೋಡುತ್ತ ನಾನೇ ಮಾತು ತೆಗೆದೆ.

"ಹಾಲಮ್ಮ, ಆ ಕಲ್ಲಿನ ವಿಚಾರ... ಅವತ್ತು ನಾನು ನಿಮಗೆ ಹೇಳಿದ್ದು..."

"ಗೊತ್ತು ಬಿಡ್ರಿ" ಅಂದಳು, ಕೂಸಿನ ಮುಷ್ಟಿಯಿಂದ ಪೆನ್ನು ಬಿಡಿಸಿ ನನಗೆ ಕೊಡುತ್ತ. "ನಮ್ ಸೊಸೆಗೆ ಓದಕ್ಕೆ ಬರ್ತದೆ. ಅವತ್ತೇ ಓದಿ ಹೇಳಿದ್ಲು."

"ಮತ್ತೆ ನೀವು ಒಂದು ಮಾತೂ..."

"ಎಂತ ಕೇಳೋದು? ಕಲ್ಲೇನು ಅಕ್ಕಿ ಮಾಡ್ತದಾ?" ಎಂದು ಕಿಟಕಿಯಾಚೆ ಎಲೆಯಡಿಕೆ ಉಗಿದಳು. ಸ್ವಲ್ಪ ಹೊತ್ತಿನ ಮೇಲೆ, "ನೀವು ಸುಳ್ಳು ಹೇಳಿದ್ದು ಮಾತ್ರ ಬೇಜಾರಾತು ಮೇಷ್ಟ್ರೆ. ಬೇರೆಯೋರು ಹೇಳಿದ್ರೆ ಆಗ್ತಿರಲಿಲ್ಲ" ಅಂದಳು. ಆನವಟ್ಟಿ ಬಂದಾಗ ಕೂಸನ್ನು ಸೊಂಟಕ್ಕೇರಿಸಿಕೊಂಡು ಇಳಿದು ಹೋದಳು.

"ಆಯ್ತು ಸಾರ್" ಎಂದು ಕ್ಷೌರದವನು ಬಿಳಿ ಬಟ್ಟೆ ಕೊಡವಿದ. ಮೇಲೆ ಟಿ.ವಿ.ಯಲ್ಲಿ ನಾಲ್ವರು ಇನ್ನೂ ಮಾತಾಡುತ್ತಲೇ ಇದ್ದರು. ಅವನು ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಒತ್ತಿಕೊಳ್ಳುತ್ತಿದ್ದ. ಆರು ವರ್ಷದಿಂದ ಅವನ ಕೈಗೆ ತಲೆ ಕೊಡುತ್ತಿದ್ದೇನೆ. ಜಗತ್ತಿನ ಎಲ್ಲ ವಿಚಾರದ ಬಗ್ಗೆಯೂ ಅವನಿಗೆ ನನ್ನ ಅಭಿಪ್ರಾಯ ಹೇಳಿದ್ದೇನೆ. ಅವನ ಹೆಸರು ಕೇಳಿರಲಿಲ್ಲ. ಕೇಳಿದೆ. ಕೈಗೆ ಏನಾಗಿದೆ ಎಂದೂ ಕೇಳಿದೆ. ಅವನು ಮೊದಲು ಅನುಮಾನದಿಂದ ನನ್ನ ಮುಖ ನೋಡಿದ, ಆಮೇಲೆ ಹೇಳತೊಡಗಿದ. ಹಿಂದೆ ಬೆಂಚಿನ ಮೇಲೆ ಇಬ್ಬರು ಕಾಯುತ್ತಿದ್ದರು. ನಾನು ಕುರ್ಚಿಯಿಂದ ಏಳಲಿಲ್ಲ.