ಹಡಗಿನಲ್ಲಿ ನೈಟ್ ಶಿಫ್ಟ್

ಗಂಡಹೆಂಡಿರು ಹತ್ತಿರವಾಗಬೇಕಾದರೆ ಒಮ್ಮೆ ಹಡಗು ಹತ್ತಿ ಬರಬೇಕು ಎಂಬ ಮಾತು ಈಗ ನಮ್ಮ ಚಿಕ್ಕಬಾಣಾವರದಲ್ಲಿ ಚಾಲ್ತಿಗೆ ಬಂದಿದೆ. ಅದನ್ನು ಹುಟ್ಟುಹಾಕಿದವರು ನಮ್ಮ ಮನೆಯ ಓನರ್ ನಂಜಮ್ಮನವರು. ಅವರು ಸಮುದ್ರ ಕಂಡವರಲ್ಲ. ಹೆಸರಘಟ್ಟದ ಕೆರೆಯನ್ನು ಮನಸ್ಸಿನಲ್ಲೇ ಒಂದಿಷ್ಟು ಹಿಗ್ಗಿಸಿಕೊಂಡು ಮಾತಾಡುತ್ತಾರೆ. ರಾಗಿ ಒಣಹಾಕಲು ಬಂದವರಿಗೆಲ್ಲ ಅವರು ಕೈಯಾಡಿಸುತ್ತ ಹೇಳುವುದು ಇಷ್ಟು: “ಅಡಗಿನಾಗೆ ಎಲ್ಲಿಗೆ ಓಡೋಗ್ತಾರೆ ಯೋಳು? ಸುತ್ತ ನೀರು. ಒಬ್ಬರ ಮಕ ಒಬ್ಬರು ನೋಡ್ಕಂಡು ಕೂತ್ಕಬೇಕು, ಅಷ್ಟೆಯಾ.”

ವಾದದಲ್ಲಿ ಒಂದು ಸೊಗಸಿದೆ, ಒಪ್ಪುತ್ತೇನೆ. ಆದರೆ ಕಾಲೇಜಿನಲ್ಲಿದ್ದಷ್ಟು ಕಾಲವೂ ಚರ್ಚಾಸ್ಪರ್ಧೆಯ ಶೀಲ್ಡನ್ನು ಬೇರೆಯವರ ಕೈಗೆ ಬಿಟ್ಟುಕೊಡದೆ ಹೊತ್ತು ತಿರುಗಿದವಳು ನಾನು. ಇಂಥ ಮಾತು ಕಿವಿಗೆ ಬಿದ್ದರೆ ನಾಲಗೆ ತುರಿಸುತ್ತದೆ. ಸುತ್ತ ನೀರಿದ್ದ ಮಾತ್ರಕ್ಕೆ ಇಬ್ಬರು ಮುಖ ನೋಡಿಕೊಳ್ಳಲೇಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ನಿದ್ದೆ ಎಂಬುದೊಂದಿದೆ. ಅದು ನೀರಿನ ಮೇಲೂ ಬರುತ್ತದೆ. ಸಾಕ್ಷಿಯಾಗಿ ನನ್ನನ್ನೇ ಕರೆಯುತ್ತೇನೆ.

ಮೊದಲು ನಮ್ಮ ಸಂಸಾರದ ವೇಳಾಪಟ್ಟಿಯನ್ನು ಹೇಳಿಬಿಡಬೇಕು. ಇವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಫರ್ನೇಸ್ ಸೆಕ್ಷನ್ನಿನ ಸೂಪರ್‌ವೈಸರ್. ಹಗಲಾಗಲಿ ರಾತ್ರಿಯಾಗಲಿ ಆರಿಸುವಂತಿಲ್ಲದ ಕುಲುಮೆಗಳ ಮುಂದೆ ನಿಂತಿರುವ ಕೆಲಸ. ಮದುವೆಯಾದಾಗಿನಿಂದ ಅವರದು ನೈಟ್ ಶಿಫ್ಟ್. ನಾನು ಊರಿನ ಇನ್ನೊಂದು ತುದಿಯಲ್ಲಿ, ಹೊಸದಾಗಿ ಏಳುತ್ತಿರುವ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಟೈಪಿಸ್ಟ್. ಬೆಂಗಳೂರಿನ ಉದ್ದವನ್ನು ದಿನಕ್ಕೆರಡು ಸಲ ಬಸ್ಸಿನಲ್ಲಿ ಅಳೆಯುತ್ತೇನೆ. ಬೆಳಿಗ್ಗೆ ರೈಲ್ವೆ ಗೇಟಿನ ಬಳಿ ಕಂಪನಿ ಬಸ್ಸು ಅವರನ್ನು ಇಳಿಸುವ ಹೊತ್ತಿಗೆ ನಾನು ಅಲ್ಲೇ ನನ್ನ ಬಸ್ಸಿಗೆ ಕಾಯುತ್ತಿರುತ್ತೇನೆ. ಬೀಗದ ಕೈ ಕೊಡುತ್ತೇನೆ, ಹಾಲು ಕಾಯಿಸಿಟ್ಟಿದೆ ಎನ್ನುತ್ತೇನೆ. ಅವರ ಅಂಗಿಯಿಂದ ಸುಟ್ಟ ಎಣ್ಣೆಯ ವಾಸನೆ ಬರುತ್ತದೆ. ಅಷ್ಟರಲ್ಲಿ ನನ್ನ ಬಸ್ಸೂ ಬರುತ್ತದೆ. ಕತ್ತಲಾದ ಮೇಲೆ ನಾನು ಮನೆ ಮುಟ್ಟಿ ಸಾರು ಕುದಿಸುವಾಗ ಅವರು ಶೂ ಕಟ್ಟುತ್ತಿರುತ್ತಾರೆ. ಇರುವುದು ಒಂದೇ ಮಂಚ. ನಾನು ಎದ್ದ ಹಾಸಿಗೆಯಲ್ಲಿ ಅವರು ಮಲಗುತ್ತಾರೆ, ಅವರು ಎದ್ದ ಹಾಸಿಗೆಯಲ್ಲಿ ನಾನು. ಆ ಹಾಸಿಗೆಗೆ ಬಿಡುವೆಂಬುದೇ ಇಲ್ಲ. ನನಗೆ ಮಾತ್ರ ಅದರಲ್ಲಿ ಯಾವತ್ತೂ ಚಳಿಯೇ.

ಹೊಸಬರಿಗೆಲ್ಲ ಹಾಗೇ ರಾತ್ರಿ ಹಾಕುತ್ತಾರೆ ಎಂದು ಇವರು ಹೇಳಿದ್ದರು. ಹಾಗಾಗಿ ನನ್ನ ಜಗಳವೆಲ್ಲ ಕಾರ್ಖಾನೆಯ ಜೊತೆ. ಅದರ ಮೇಲೆ ಎಂಥೆಂಥ ಭಾಷಣಗಳನ್ನು ಮನಸ್ಸಿನಲ್ಲೇ ಕಟ್ಟಿದ್ದೇನೆ ಗೊತ್ತೇ? ಹೊಸೂರು ರಸ್ತೆಯ ಉದ್ದಕ್ಕೂ ನಾನು ಬಂಡವಾಳಶಾಹಿಯನ್ನು ಚಿಂದಿ ಮಾಡುತ್ತ ಹೋಗುತ್ತೇನೆ, ನಿಂತುಕೊಂಡೇ, ಒಂದು ಕೈಯಲ್ಲಿ ಕಂಬಿ ಹಿಡಿದು.

ಹೀಗಿರುವಾಗ ಇವರ ಸೆಕ್ಷನ್ನಿನವರು ಕೆಲವರು ಸೇರಿ ಎಲ್‌ಟಿಸಿಯಲ್ಲಿ ಎಂದರೆ ಕಂಪನಿಯ ಖರ್ಚಿನಲ್ಲಿ, ಹಡಗಿನ ಪ್ರವಾಸ ಗೊತ್ತುಮಾಡಿದರು. ಕೊಚ್ಚಿಯಿಂದ ಹೊರಟು ಪಶ್ಚಿಮದ ದ್ವೀಪಗಳನ್ನು ಸುತ್ತಿ ಬರುವುದು. ಹಡಗಿನಲ್ಲೇ ಊಟ, ಹಡಗಿನಲ್ಲೇ ನಿದ್ದೆ. ನಾನು ಕೊಂಡದ್ದು ಒಂದು ಹೊಸ ಸೀರೆ ಮತ್ತು ವಾಂತಿಯ ಮಾತ್ರೆ. ಆಸೆಪಟ್ಟದ್ದು ಒಂದನ್ನೇ: ಇವರು ಮತ್ತು ನಾನು ಒಂದೇ ಹೊತ್ತಿಗೆ ಎಚ್ಚರವಾಗಿರುವುದು.

ಹಡಗು ಬಂದರು ಬಿಡುವಾಗ ಎಲ್ಲರೂ ಡೆಕ್ಕಿನ ಕಟಕಟೆಗೆ ಆತು ನಿಂತಿದ್ದರು. ತೆಂಗಿನ ಸಾಲು ಹಿಂದೆ ಸರಿಯಿತು, ಮೀನಿನ ಬಲೆಗಳು ಸರಿದವು. ಶಂಕರಪ್ಪ ಎಂಬ ಇವರ ಜೊತೆಗಾರ ಹೆಂಡತಿ ವಿಮಲಾಗೆ ದಡದ ಪ್ರತಿಯೊಂದು ಕಟ್ಟಡವನ್ನೂ ತಾನೇ ಕಟ್ಟಿಸಿದವನಂತೆ ತೋರಿಸುತ್ತಿದ್ದ. ಇವರೆಲ್ಲಿ ಎಂದು ಕೆಳಗೆ ಹೋಗಿ ನೋಡಿದರೆ, ಕ್ಯಾಬಿನ್ನಿನ ಕೆಳಗಿನ ಬರ್ತಿನಲ್ಲಿ ಶೂ ಸಮೇತ ನಿದ್ದೆ. ಪಾಪ, ಸಮುದ್ರ ಹಿಡಿಸಲಿಲ್ಲವೇನೋ ಎಂದುಕೊಂಡೆ. ಸಂಜೆ ಎದ್ದರು. ಮುಖ ತೊಳೆದು, ತಲೆ ಬಾಚಿ, ಮದುವಣಿಗನ ಹಾಗೆ ಬಂದು ಊಟಕ್ಕೆ ಕೂತರು. ಎಲ್ಲರೂ ಆಕಳಿಸುತ್ತ ಮಲಗಲು ಹೊರಟಾಗ ಅವರಿಗೆ ಮೈಯೆಲ್ಲ ಚುರುಕು. ಸ್ವಲ್ಪ ಅಡ್ಡಾಡಿ ಬರುತ್ತೇನೆಂದು ಹೋದವರು ಇಂಜಿನ್ ಕೋಣೆಯ ಜನರನ್ನು ಪತ್ತೆ ಮಾಡಿಕೊಂಡರಂತೆ. ಅಲ್ಲೂ ಬಿಸಿ, ಅಲ್ಲೂ ಸದ್ದು, ಅಲ್ಲೂ ಪಾಳಿ. ಮನುಷ್ಯನಿಗೆ ತವರು ಸಿಕ್ಕಂತಾಗಿರಬೇಕು. ಬೆಳಿಗ್ಗೆ ಮೆಟ್ಟಿಲಲ್ಲಿ ನಾನು ಹತ್ತುತ್ತಿದ್ದೆ, ಅವರು ಇಳಿಯುತ್ತಿದ್ದರು. ಕ್ಯಾಬಿನ್ನಿನ ಬೀಗದ ಕೈ ಇಸಿದುಕೊಂಡು, ಉಪ್ಪಿಟ್ಟು ಚೆನ್ನಾಗಿದೆ, ಬಿಸಿಯಿದ್ದಾಗಲೇ ತಿನ್ನು ಎಂದರು. ಸಮುದ್ರದ ನಡುವೆ ನಮಗೆ ರೈಲ್ವೆ ಗೇಟು ಸಿಕ್ಕಿತ್ತು.

ಆವತ್ತು ಡೆಕ್ಕಿನ ಕುರ್ಚಿಯಲ್ಲಿ ಒಬ್ಬಳೇ ಕೂತು ಯೋಚಿಸಿದೆ. ಕಡಲ ಮೇಲಿನ ಮೊದಲ ದಂಪತಿ ಯಾರು? ಕ್ಯಾಲೆಂಡರಿನಲ್ಲಿ ನೋಡಿಯೇ ಇರುತ್ತೀರಿ. ಹಾಲ್ಗಡಲ ನಡುವೆ ಸ್ವಾಮಿ ಹಾವಿನ ಹಾಸಿಗೆಯ ಮೇಲೆ ಮಲಗಿದ್ದಾನೆ, ಅಮ್ಮ ಕಾಲ ಬಳಿ ಕೂತಿದ್ದಾಳೆ. ಅವನದು ನಿದ್ದೆಯಲ್ಲ, ಯೋಗನಿದ್ರೆ ಎಂದು ಸಮರ್ಥಿಸುವ ಪಂಡಿತರಿದ್ದಾರೆ. ಇರಲಿ. ಆದರೆ ಕೂತವಳದು ಏನು? ಅದಕ್ಕೆ ಯಾರೂ ಹೆಸರಿಟ್ಟ ಹಾಗೆ ಕಾಣೆ. ಎಷ್ಟೋ ಯುಗಗಳಿಂದ ಅವಳು ಎಚ್ಚರವಾಗಿದ್ದಾಳೆ, ಮಾತಾಡಲು ಹತ್ತಿರ ಒಂದು ಹಾವಿದೆ.

ನನಗೆ ಹಾವೂ ಇರಲಿಲ್ಲ. ಮೊದಲ ದ್ವೀಪ ಬಂದಾಗ ಹಡಗು ದೂರದಲ್ಲೇ ನಿಂತಿತು. ಆಳವಿಲ್ಲದ ಹಸಿರು ನೀರಿನಲ್ಲಿ ಸಣ್ಣ ದೋಣಿಗಳಲ್ಲಿ ಹೋಗಬೇಕು. ಗಂಡಂದಿರು ಮೊದಲು ದೋಣಿಗೆ ಧುಮುಕಿ, ತಿರುಗಿ ನಿಂತು, ಹೆಂಡತಿಯರಿಗೆ ಕೈಚಾಚುತ್ತಿದ್ದರು. ಎಬ್ಬಿಸಲು ಹೋದಾಗ ಇವರು ಕಣ್ಣು ಬಿಡದೆಯೇ, ನೀನು ಹೋಗಿ ಬಾ ಎಂದಿದ್ದರು. ನನಗೆ ಕೈಚಾಚಿದ್ದು ದೋಣಿಯವನು. ಒರಟು ಕೈ, ಉಪ್ಪುಪ್ಪು, ಬಿಗಿಯಾಗಿ ಹಿಡಿದ. ಸುಮ್ಮನೆ ದೋಣಿಗೆ ಇಳಿಸಲು ಹಿಡಿದದ್ದು. ಆದರೂ ಕೂತಾದ ಮೇಲೆಯೇ ನಾನು ಆ ಕೈ ಬಿಟ್ಟದ್ದು. ದಡದಲ್ಲಿ ಮೂರ್ನಾಲ್ಕು ಜನ ಯಜಮಾನರೆಲ್ಲಿ ಎಂದು ಕೇಳಿದರು. ಎಲ್ಲರಿಗೂ ತಲೆಸುತ್ತು ಎಂದು ಹೇಳಿದೆ.

ಮಾರನೆಯ ಮಧ್ಯಾಹ್ನ ವಿಮಲಾ ಕೋಡುಬಳೆ ಡಬ್ಬಿ ಹಿಡಿದು ನನ್ನ ಪಕ್ಕದ ಕುರ್ಚಿಗೆ ಬಂದರು. ಒಳ್ಳೆಯ ಹೆಂಗಸು, ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳುವವರಲ್ಲ. ಬಹಳ ದಿನದಿಂದ ಹೇಳಬೇಕು ಅಂತಿದ್ದೆ ಎಂದು ಶುರುಮಾಡಿದರು.

“ನಿಮ್ಮೆಜಮಾನ್ರು ದೇವರಂಥೋರು ಕಣ್ರೀ. ನಮ್ಮೋರಿಗೆ ನೈಟ್ ಬಂದ್ರೆ ಸಾಕು, ‘ನಿಂದು ನನಗೆ ಕೊಡು, ನನ್ನ ಡೇ ಶಿಫ್ಟು ನೀನು ತಗೋ’ ಅಂತ ಅವ್ರೇ ಬಂದು ಬದಲಾಯಿಸ್ಕೊತಾರಂತೆ. ಇವ್ರೊಬ್ರಿಗೇ ಅಲ್ಲ, ಯಾರು ಕೇಳಿದ್ರೂ, ಕೇಳ್ದೇ ಇದ್ರೂ. ನಿಮ್ಮಿಂದ ನಮ್ಮೋರು ರಾತ್ರಿ ಮನೇಲಿರ್ತಾರೆ. ನಿಮ್ಮ ಉಪಕಾರ ತೀರ್ಸಕ್ಕಾಗಲ್ಲ, ತಗೊಳ್ಳಿ, ಇನ್ನೊಂದು ತಗೊಳ್ಳಿ.”

ತಗೊಂಡೆ. ಕೋಡುಬಳೆ ಚೆನ್ನಾಗಿತ್ತು, ಅದನ್ನೂ ಹೇಳಿದೆ. ವಾದಕ್ಕೆ ನಿಂತಮೇಲೆ ಮುಖದಲ್ಲಿ ಏನನ್ನೂ ತೋರಿಸಬಾರದೆಂದು ನಮಗೆ ಕಲಿಸಿದ್ದರು. ಆ ಪಾಠ ಅಷ್ಟು ವರ್ಷದ ಮೇಲೆ ಉಪಯೋಗಕ್ಕೆ ಬಂತು. ಇಷ್ಟು ದಿನ ನಾನು ಬೈದ ಕಾರ್ಖಾನೆ ನಿರಪರಾಧಿ. ಹೊಸೂರು ರಸ್ತೆಯ ಭಾಷಣಗಳೆಲ್ಲ ದಂಡ.

ವಿಮಲಾ ಎದ್ದುಹೋದ ಮೇಲೆ ಎರಡೂ ಕಡೆಯ ವಾದವನ್ನು ಹೂಡಿ ನೋಡಿದೆ. ಇವರ ಪರವಾಗಿ: ಕರುಣಾಳು ಮನುಷ್ಯ, ಮಕ್ಕಳೊಂದಿಗರಿಗೆ ರಾತ್ರಿ ಬಿಟ್ಟುಕೊಡುತ್ತಾರೆ. ಬಸ್ಸಿನಲ್ಲಿ ಹಣ್ಣಾಗಿ ಬರುವ ನನಗೆ ಮಂಚ ಪೂರ್ತಿ ಸಿಗಲಿ ಎಂದೂ ಇರಬಹುದು. ಇವರ ವಿರುದ್ಧ: ಊರವರ ಹೆಂಡಿರಿಗೆಲ್ಲ ರಾತ್ರಿಯಲ್ಲಿ ಗಂಡನನ್ನು ಒದಗಿಸಿದವರು ಒಬ್ಬಳನ್ನು ಮಾತ್ರ ಲೆಕ್ಕಕ್ಕೆ ಹಿಡಿದಿಲ್ಲ. ಬೇಕಾಗಿಯೇ ಹಿಡಿದಿಲ್ಲವೋ, ಮರೆತೋ? ಯಾವ ಕಡೆ ನಿಂತರೂ ಗೆಲ್ಲಬಲ್ಲೆ. ಎರಡು ಕಡೆಯಿಂದಲೂ ಗೆಲ್ಲಬಲ್ಲವಳಿಗೆ ನಿಜ ಯಾವ ಕಡೆಯಿದೆ ಎಂದು ತಿಳಿಯುವ ಬಗೆಯನ್ನು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ಸಂಜೆ ಅವರು ತಲೆ ಬಾಚಿಕೊಂಡು, ಎರಡು ಲೋಟ ಟೀ ಹಿಡಿದು ಮೇಲೆ ಬಂದರು. ಪಕ್ಕದಲ್ಲಿ ಕೂತರು. ನೀರಿನ ಮೇಲೆ ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು. ಅದನ್ನು ನೋಡುತ್ತ, “ಚೆನ್ನಾಗಿದೆ ಅಲ್ವಾ? ಮನೇಲಿ ಹಿಂಗೆ ಕೂರಕ್ಕೆ ಟೈಮೇ ಸಿಗಲ್ಲ” ಎಂದರು.

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಎದುರಾಳಿಗೆ ಹಾಕಬಾರದು ಎನ್ನುವುದು ಚರ್ಚೆಯ ಮೊದಲ ನಿಯಮ. ಶೀಲ್ಡು ಗೆಲ್ಲಲು ಅದು ಸರಿ. ಆದರೆ ಪಕ್ಕದಲ್ಲಿ ಕೂತವರು ಎದುರಾಳಿಯಲ್ಲ ಎಂದಾದರೆ, ಕೇಳುವುದಕ್ಕೆ ಬೇರೆ ಎಂಥ ಪ್ರಶ್ನೆ ತಾನೇ ಉಳಿಯುತ್ತದೆ? ಕೇಳಿಬಿಟ್ಟೆ. ಅವರ ಲೋಟ ತುಟಿಯ ಹತ್ತಿರ ನಿಂತಿತು, ಆಮೇಲೆ ಮೆಲ್ಲಗೆ ಕೆಳಗಿಳಿಯಿತು. ಈಗ ನಾವು ಊರಿಗೆ ಬಂದಾಗಿದೆ. ಸೋಮವಾರ ಅವರ ರಜೆ ಮುಗಿಯುತ್ತದೆ, ಉತ್ತರ ಆವತ್ತೇ ತಿಳಿಯಬೇಕು. ನಾನು ಕೇಳಿದ್ದಾದರೂ ಎಷ್ಟು?

“ರೀ, ವಾಪಸ್ ಹೋದ್ಮೇಲೆ ಯಾವ ಶಿಫ್ಟು ಕೇಳ್ತೀರಿ?”