ಕೊನೆ ಕೇಳಿಕೊಂಡು ಸಿನಿಮಾಕ್ಕೆ ಹೋಗುತ್ತಿದ್ದ ಅಕ್ಕಾತಾಯಿ ಕಾಕು

ಅಕ್ಕಾತಾಯಿ ಕಾಕು ಕೊನೆ ಏನೆಂದು ತಿಳಿದುಕೊಳ್ಳದೆ ಯಾವ ಸಿನಿಮಾಕ್ಕೂ ಹೋದವರಲ್ಲ. ಕಥೆ ಏನು, ನಾಯಕ ಯಾರು, ಹಾಡು ಹೇಗಿವೆ, ಇವು ಯಾವುವೂ ಅವರಿಗೆ ಬೇಕಿರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಸಾಕ್ಷಿಯನ್ನು ವಿಚಾರಿಸುವ ವಕೀಲರ ಹಾಗೆ ನನ್ನ ಮುಖವನ್ನೇ ದಿಟ್ಟಿಸುತ್ತ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಕಡೀಕ ಯಾರ ಸಾಯತಾರ್ರಿ, ಬಾಯಾರ?”

ನಮ್ಮ ಕಡೆ ಹಿರಿಯ ಹೆಂಗಸರೆಲ್ಲ ಕಾಕು, ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಬಾಯಾರೇ. ನಾನು ಅಂಕಲಿಯ ಶಾಲೆಗೆ ವರ್ಗವಾಗಿ ಬಂದಾಗ ಬಾಡಿಗೆಗೆ ಸಿಕ್ಕಿದ್ದು ಕಾಕುವಿನ ಮನೆಯ ಮುಂದಿನ ಎರಡು ಖೋಲಿ. ಅವರ ಗಂಡ ತಾತ್ಯಾ ಕಾಕಾ ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಊರ ಹೊರಗೆ ಒಂದಿಷ್ಟು ಹೊಲ, ಹಿತ್ತಲಲ್ಲಿ ಎಮ್ಮೆ. ಮಗಳು ಸುನಂದಾಳನ್ನು ಐಗಳಿ ಊರಿಗೆ ಕೊಟ್ಟಿದ್ದರು. ಗಂಡ ಹೆಂಡತಿ ಇಬ್ಬರಿಗೂ ಸಿನಿಮಾದ ಹುಚ್ಚು. ಚಿಕ್ಕೋಡಿಯೋ, ನಿಪ್ಪಾಣಿಯೋ, ಮಿರಜೋ, ಕನ್ನಡವೋ ಮರಾಠಿಯೋ, ಬಸ್ಸು ಹೋಗುವ ಕಡೆಗೆಲ್ಲ ಅವರ ಸಿನಿಮಾ ಹೋಗುತ್ತಿತ್ತು.

ಅನುಮಾನಪಡುವುದು ಕಾಕುವಿಗೆ ಉಸಿರಾಡಿದಷ್ಟೇ ಸಹಜವಾಗಿತ್ತು. ಸೋಪಿನ ಪುಡಿಯ ಜೊತೆ ಬಕೆಟ್ಟು ಪುಕ್ಕಟೆ ಬಂದರೆ ಪುಡಿಯಲ್ಲಿ ಏನೋ ಬೆರೆಸಿದ್ದಾರೆ ಎನ್ನುತ್ತಿದ್ದರು. ಓಣಿಯವರು ಯಾರಾದರೂ ಹಬ್ಬವಿಲ್ಲದ ದಿನ ಹೋಳಿಗೆ ಕಳಿಸಿದರೆ, ಅವರಿಗೆ ನಮ್ಮಿಂದ ಏನು ಬೇಕಾಗಿದೆ ಎಂದು ತಿಳಿಯುವವರೆಗೆ ಆ ಡಬ್ಬಿಯ ಮುಚ್ಚಳ ತೆಗೆಯುತ್ತಿರಲಿಲ್ಲ. ಬಂದ ಹೊಸದರಲ್ಲಿ ನಾನೊಮ್ಮೆ ನಲ್ಲಿಗೆ ನೀರು ಬಂದಾಗ ಅವರ ಕೊಡವನ್ನೂ ತುಂಬಿಸಿಟ್ಟೆ. ಸಂಜೆ ಬಂದು, ಬಾಡಿಗೆ ಇಳಿಸಬೇಕೇನು ಎಂದು ಕೇಳಿದರು. ನನಗೆ ಮೈಯೆಲ್ಲ ಉರಿದು ಹೋಯಿತು. ಆಮೇಲಾಮೇಲೆ ಗೊತ್ತಾಯಿತು, ಕಾಕು ಯಾರನ್ನು ಅನುಮಾನಿಸುವುದಿಲ್ಲವೋ ಅವರ ಬಗ್ಗೆ ಅವರಿಗೆ ಅಕ್ಕರೆಯೂ ಇಲ್ಲ. ಅವರು ನನ್ನನ್ನು ಬಹಳ ಅನುಮಾನಿಸುತ್ತಿದ್ದರು.

ಸಿನಿಮಾದಲ್ಲಿ ಯಾರಾದರೂ ಸಾಯುತ್ತಾರೆಂದರೆ ಕಾಕು ಹೋಗುತ್ತಿರಲಿಲ್ಲ. ಅದಕ್ಕೆ ಅವರ ಹತ್ತಿರ ಕಾರಣವೂ ಇತ್ತು. “ಮನ್ಯಾಗ ಸತ್ತಾವ್ರಿಗೆ ಅತ್ತದ್ದ ಸಾಕಾಗೈತಿ. ಮತ್ತ ರೊಕ್ಕಾ ಕೊಟ್ಟ ಯಾಕ ಅಳೂದರಿ?” ಎನ್ನುತ್ತಿದ್ದರು. ಆದರೆ ಒಬ್ಬರ ಮಾತು ಅವರಿಗೆ ಸಾಲದು. ನನ್ನನ್ನು ಕೇಳಿದ ಮೇಲೆ ಹಿಟ್ಟಿನ ಗಿರಣಿಯ ಮಾಲುತಾಯಿಯನ್ನು ಕೇಳಬೇಕು, ಆಮೇಲೆ ಐಗಳಿಯ ಮಗಳಿಗೆ ಫೋನು ಹಚ್ಚಬೇಕು. ಮೂರು ಬಾಯಿಂದ ಒಂದೇ ಕೊನೆ ಬಂದರೆ ಮಾತ್ರ ಸೀರೆ ಬದಲಿಸುತ್ತಿದ್ದರು.

ಒಮ್ಮೆ ಮೂವರೂ, ಯಾರೂ ಸಾಯುವುದಿಲ್ಲ ಎಂದು ಒಂದೇ ಮಾತು ಹೇಳಿದೆವು, ಅದು ನಿಜವೂ ಆಗಿತ್ತು. ಆ ಸಿನಿಮಾದಲ್ಲಿ ಕೊನೆಗೆ ನಾಯಕನಿಗೆ ಗುಂಡು ಬೀಳುತ್ತದೆ, ಅವನು ನದಿಗೆ ಉರುಳುತ್ತಾನೆ, ಸ್ವಲ್ಪ ಹೊತ್ತಿನ ಮೇಲೆ ಮೀನುಗಾರರು ಎತ್ತಿ ಬದುಕಿಸುತ್ತಾರೆ. ಕಾಕು ಅಷ್ಟು ಹೊತ್ತು ಕೂರಲಿಲ್ಲ. ಗುಂಡು ಬಿದ್ದ ಕೂಡಲೇ ಎದ್ದು, ಸಾಲಿನಲ್ಲಿದ್ದವರ ಕಾಲು ತುಳಿಯುತ್ತ ಹೊರಗೆ ಹೋಗಿ, ಬಸ್ ಸ್ಟ್ಯಾಂಡಿನಲ್ಲಿ ಮುಖ ಊದಿಸಿ ಕೂತಿದ್ದರು. ಕಾಕಾ ಎಷ್ಟು ಹೇಳಿದರೂ ನಂಬಲಿಲ್ಲ. ಸುನಂದಾ ಆ ದೃಶ್ಯವನ್ನು ಫೋನಿನಲ್ಲಿ ತೋರಿಸಿದಳು. ಅದು ಬೇರೆ ಸಿನಿಮಾದ್ದು, ನೀವೆಲ್ಲ ಕೂಡಿಕೊಂಡು ಅವನನ್ನು ಬದುಕಿಸಿದ್ದೀರಿ ಎಂದು ಕಾಕು ಫೋನನ್ನೇ ತಿರುಗಿಸಿ ಇಟ್ಟರು. ಅವರ ಲೆಕ್ಕದಲ್ಲಿ ಆ ನಾಯಕ ಸತ್ತವನೇ. ಮುಂದೆ ಅವನ ಬೇರೆ ಸಿನಿಮಾ ಬಂದಾಗಲೂ ಒಂದಿಷ್ಟು ದುಃಖದಿಂದಲೇ ನೋಡುತ್ತಿದ್ದರು.

ಎಳ್ಳ ಅಮಾವಾಸ್ಯೆಯ ದಿನ ಭೂತಾಯಿಗೆಂದು ಹೊಲದ ತುಂಬ ಚರಗ ಚೆಲ್ಲಿ, ಸಜ್ಜೆ ಕಡುಬು, ಬದನೆಕಾಯಿ ಎಣಗಾಯಿ ತಿಂದು ಎಲ್ಲರೂ ಬನ್ನಿ ಗಿಡದ ನೆರಳಿಗೆ ಉರುಳಿಕೊಂಡಾಗ, ಆ ವರ್ಷದ ಸಿನಿಮಾಗಳ ತೀರ್ಮಾನವಾಗಬೇಕು. ಇದು ಆ ಮನೆಯ ರೂಢಿ. ನನ್ನ ಶಿಕ್ಷಕ ಗೆಳತಿಯರ ವಾಟ್ಸಾಪ್ ಗುಂಪಿನಲ್ಲೂ ವರ್ಷದ ಕೊನೆಗೆ ಇಷ್ಟದ ಸಿನಿಮಾ ಯಾವುದೆಂಬ ಚರ್ಚೆ ನಡೆಯುತ್ತದೆ. ಅಲ್ಲಿ ಎಲ್ಲರೂ ಎಲ್ಲವನ್ನೂ ಮೆಚ್ಚುತ್ತಾರೆ. ಕಾಕುವಿನ ಮುಂದೆ ಹಾಗೆ ಮೆಚ್ಚಿ ಪಾರಾಗುವಂತಿರಲಿಲ್ಲ. ಯಾಕೆ ಮೆಚ್ಚಿದಿರಿ, ಯಾರು ಹೇಳಿ ಕಳಿಸಿದರು, ಅತ್ತಿರಾ, ಅತ್ತದ್ದು ಕಥೆಗೋ ಸಂಗೀತಕ್ಕೋ ಎಂದು ಜಾಲಾಡುತ್ತಿದ್ದರು. ಸಂಗೀತ ಜೋರಾಯಿತೆಂದರೆ ಕಥೆಯಲ್ಲಿ ಏನೋ ಮುಚ್ಚಿಡುತ್ತಿದ್ದಾರೆ ಎಂಬುದು ಅವರ ಪಕ್ಕಾ ನಂಬಿಕೆ. ನಿಜ ಹೇಳಬೇಕೆಂದರೆ, ಆಮೇಲೆ ನನಗೂ ಹಾಗೇ ಅನ್ನಿಸತೊಡಗಿತು.

ಕಳೆದ ವರ್ಷ ನಾವು ನೋಡಿದವುಗಳಲ್ಲಿ ಮೂರು ನೆನಪಿನಲ್ಲಿ ಉಳಿದಿವೆ. ಕಾಕು ಯಾವ ಸಿನಿಮಾವನ್ನೂ ಅದರ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ತಾವೇ ಒಂದು ಹೆಸರು ಇಡುತ್ತಿದ್ದರು. ಮೊದಲನೆಯದು ‘ಬಾಂವಿ ಪಿಚ್ಚರ್’: ಒಂದೇ ಬಾವಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ಕೊನೆಗೆ ಒಂದಾಗುತ್ತಾರೆ. ಕಾಕುವಿಗೆ ಆ ಒಂದಾಗುವಿಕೆಯಲ್ಲಿ ವಿಶ್ವಾಸವಿರಲಿಲ್ಲ, ತಮ್ಮನ ಕಣ್ಣು ಸರಿಯಿಲ್ಲ, ಮಳೆಗಾಲ ಮುಗಿಯಲಿ ನೋಡಿ ಎಂದರು. ಎರಡನೆಯದು ‘ಪೊಲೀಸಂದು’. ಅದರಲ್ಲಿ ಅಪರಾಧಿ ಯಾರೆಂದು ನಾವೆಲ್ಲ ಕೊನೆಯವರೆಗೆ ತಲೆ ಕೆಡಿಸಿಕೊಂಡೆವು; ಕಾಕು ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ, ಎಲ್ಲರೂ ಅಪರಾಧಿಗಳೇ ಎಂದು ಮೊದಲೇ ತೀರ್ಮಾನಿಸಿದ್ದರು. ಮೂರನೆಯದು ‘ಮುದಕಂದು’. ಆ ಸಿನಿಮಾದ ಕಥೆಯೇ ಈಗ ಹೇಳಬೇಕಾಗಿರುವುದು.

ಅದು ಮರಾಠಿ ಸಿನಿಮಾ. ಹೋಳಿಯ ಸುಮಾರಿಗೆ ನಾನು ಅದನ್ನು ಗೆಳತಿಯರ ಜೊತೆ ನೋಡಿ ಬಂದಿದ್ದೆ. ತನಗೆ ಹೆಚ್ಚು ದಿನವಿಲ್ಲವೆಂದು ಗೊತ್ತಾದ ಒಬ್ಬ ಮುದುಕ, ಅದನ್ನು ಹೆಂಡತಿಗೆ ಹೇಳದೆ, ತಾನು ಮಾಡುತ್ತಿದ್ದ ಕೆಲಸಗಳನ್ನೆಲ್ಲ ಒಂದೊಂದಾಗಿ ಅವಳಿಗೆ ಕಲಿಸುತ್ತಾನೆ. ಒಂದು ಮಧ್ಯಾಹ್ನ ಅಂಗಳದ ಕುರ್ಚಿಯಲ್ಲಿ ಕೂತವನು ಏಳುವುದಿಲ್ಲ. ವರ್ಷದ ಸಿನಿಮಾ ಇದೇ ಎಂದು ನನಗೆ ಅಲ್ಲೇ ಅನ್ನಿಸಿತ್ತು. ಕಾಕು ಇದನ್ನು ನೋಡುವವರಲ್ಲ ಎಂದು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ.

ಆದರೆ ಒಂದು ದಿನ ತಾತ್ಯಾ ಕಾಕಾ ನನ್ನ ಖೋಲಿಗೆ ಬಂದು, ದನಿ ತಗ್ಗಿಸಿ, ಆ ಸಿನಿಮಾಕ್ಕೆ ಅಕ್ಕಾತಾಯಿಯನ್ನು ಕರೆದುಕೊಂಡು ಹೋಗಬೇಕೆಂದಿದ್ದೇನೆ, ಕೇಳಿದರೆ ಯಾರೂ ಸಾಯುವುದಿಲ್ಲವೆಂದು ಹೇಳಿ ಎಂದರು. ನನಗೆ ಆಶ್ಚರ್ಯವಾಯಿತು. ಇಷ್ಟು ವರ್ಷ ಹೆಂಡತಿ ಒಪ್ಪಿದ್ದನ್ನು ನೋಡಿ ಬರುತ್ತಿದ್ದ ಮನುಷ್ಯ ಇವರು. ಸುಳ್ಳು ನನ್ನಿಂದಾಗುವುದಿಲ್ಲ, ಕಾಕು ಕೇಳಿದರೆ ನಿಮ್ಮನ್ನೇ ಕೇಳಲು ಹೇಳುತ್ತೇನೆ ಎಂದೆ. ಕಾಕಾ ಹೊರಡಲು ತಿರುಗಿದರು. ಅಂಗಿಯ ಕಾಲರು ಕತ್ತಿನಿಂದ ದೂರ ನಿಂತಿತ್ತು. ಇವರು ಯಾವಾಗ ಇಷ್ಟು ಇಳಿದು ಹೋದರು ಎಂದುಕೊಂಡೆ.

ಅಲ್ಲಿಂದ ನನಗೂ ಕಾಕುವಿನ ರೋಗ ಅಂಟಿತು. ಕಾಕಾ ಸಂಜೆಯ ಚಹಾವನ್ನು ಅರ್ಧಕ್ಕೇ ಬಿಡುವುದು ಕಣ್ಣಿಗೆ ಬಿತ್ತು. ಹೊಲದ ಮೋಟಾರಿನ ಪೆಟ್ಟಿಗೆಯ ಹತ್ತಿರ ಯಾರನ್ನೂ ಬಿಡದವರು, ಈಗ ಕಾಕುವನ್ನು ದಿನಾ ಕರೆದುಕೊಂಡು ಹೋಗಿ ಅದನ್ನು ಚಾಲೂ ಮಾಡುವುದು, ನಿಲ್ಲಿಸುವುದು ಕಲಿಸುತ್ತಿದ್ದರು. ಮಿರಜಿಗೆ ಒಬ್ಬರೇ ಹೋಗಿ ಬರುತ್ತಿದ್ದರು. ಎಲ್ಲ ಕಣ್ಣ ಮುಂದೆಯೇ ಇತ್ತು, ಆದರೆ ನಾನು ಕೂಡಿಸಿ ನೋಡಲಿಲ್ಲ.

ಕಾಕು ಎಂದಿನಂತೆ ಚೌಕಟ್ಟಿಗೆ ಒರಗಿ ಕೇಳಿದರು. ಕಾಕಾರನ್ನೇ ಕೇಳಿ ಎಂದೆ. ಕಾಕಾರನ್ನು ಕೇಳಿದರೆ ಯಾರೂ ಸಾಯುವುದಿಲ್ಲ ಎಂದರು. ಗಿರಣಿಯ ಮಾಲುತಾಯಿ ಮುದುಕ ಸಾಯುತ್ತಾನೆಂದಳು. ಸುನಂದಾ ನೋಡಿಯೇ ಇರಲಿಲ್ಲ. ಸಾಕ್ಷಿಗಳು ಹೀಗೆ ಒಡೆದರೆ ಕಾಕು ಹೋಗಬಾರದಿತ್ತು. ಆದರೆ ಆ ಭಾನುವಾರ ಅವರೇ ಮುಂದಾಗಿ ಸೀರೆ ಉಟ್ಟು ಸಿದ್ಧರಾದರು, ನನಗೂ ಬರಲು ಹೇಳಿದರು. ಗಂಡ ತಮಗೆ ಸುಳ್ಳು ಹೇಳಿದ್ದು ಯಾಕೆಂದು ನೋಡಲು ಅವರು ಹೊರಟಿದ್ದರು.

ಮಿರಜಿನ ಟಾಕೀಸಿನಲ್ಲಿ ಮಧ್ಯಾಹ್ನದ ಆಟ. ಕಾಕು ನಡುವೆ, ನಾವಿಬ್ಬರು ಅಕ್ಕಪಕ್ಕ. ಮುದುಕ ಹೆಂಡತಿಗೆ ಒಂದೊಂದೇ ಕೆಲಸ ಕಲಿಸತೊಡಗಿದಾಗಿಂದ ಕಾಕು ಪರದೆಗಿಂತ ಹೆಚ್ಚಾಗಿ ಗಂಡನ ಕಡೆಗೇ ನೋಡುತ್ತಿದ್ದರು. ಕೊನೆಗೆ ಎದ್ದು ಹೋಗುತ್ತಾರೆಂದು ನಾನು ಕಾಲು ಮಡಿಸಿ ದಾರಿ ಬಿಟ್ಟೆ. ಏಳಲಿಲ್ಲ. ದೀಪ ಹತ್ತಿದ ಮೇಲೂ ಕೂತೇ ಇದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತಿದ್ದೆವು. ಬಸ್ಸು ಕಾಗವಾಡ ದಾಟಿತು. ಆಮೇಲೆ ಕಾಕು, ಮನೆಗೆ ಉಪ್ಪು ತರಬೇಕು ಎನ್ನುವಷ್ಟು ಸಹಜವಾಗಿ, “ಈ ಪಿಚ್ಚರ್ ನೀವ ಮೊದ್ಲ ನೋಡೀರಿ,” ಎಂದರು.

ಕಾಕಾ ಇಲ್ಲವೆಂದು ತಲೆಯಾಡಿಸಿದರು.

“ಆ ಮುದಕ ಕುರ್ಚಿಮ್ಯಾಲ ಕುಂದ್ರೂಕಿಂತ ಮೊದ್ಲ ನೀವ ನನ್ನ ಕೈ ಹಿಡದ್ರಿ. ಮುಂದ ಏನ ಆಗತೈತಂತ ನಿಮಗ ಗೊತ್ತಿತ್ತ. ಮೋಟಾರಿನ ಸಾಮಾನ ತರ್ತೀನಂತ ಮಿರಜಕ್ಕ ಹ್ವಾದ್ರಿ, ಖಾಲಿ ಕೈಲೆ ತಿರಿಗಿ ಬಂದ್ರಿ.” ಗಂಡನ ಕಡೆ ತಿರುಗಿ ಕೇಳಿದರು: “ದವಾಖಾನ್ಯಾಗ ಏನಂದ್ರು?”

ಕಾಕಾ ಕಿಟಕಿಯ ಹೊರಗಿನ ಕಬ್ಬು ನೋಡುತ್ತ ಕೂತರು. ಹೊಟ್ಟೆಯಲ್ಲಿ ಗಂಟಿದೆ, ಆಪರೇಶನ್ ಆಗಬೇಕಂತೆ, ಈ ವಯಸ್ಸಿನಲ್ಲಿ ಯಾಕೆಂದು ಒಲ್ಲೆ ಎಂದು ಬಂದಿದ್ದೇನೆ, ಎಂದರು. ಡಾಕ್ಟರರನ್ನು ಕಂಡ ದಿನ ಬಸ್ಸಿಗೆ ಹೊತ್ತಿದ್ದುದರಿಂದ ಆ ಟಾಕೀಸಿಗೆ ಹೋಗಿ ಕೂತಿದ್ದರಂತೆ. ಬಾಯಿಂದ ಹೇಳಲಾಗದ್ದನ್ನು ಸಿನಿಮಾ ಹೇಳಲಿ ಎಂದುಕೊಂಡಿದ್ದರಂತೆ.

“ಒಲ್ಲೆ ಅನ್ನಾಕ ನೀವ್ಯಾರ?” ಎಂದರು ಕಾಕು. ಬಸ್ಸು ಕೃಷ್ಣೆಯ ಸೇತುವೆ ದಾಟುವಾಗ ನೋಡಿದೆ, ಈಗ ಅವರು ಗಂಡನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದರು. ನಾನು ಮುಖ ಆ ಕಡೆ ಮಾಡಿ ಅತ್ತೆ.

ಮುಂದಿನ ದಿನಗಳಲ್ಲಿ ಕಾಕು ಡಾಕ್ಟರುಗಳನ್ನು ವಿಚಾರಣೆಗೆ ತೆಗೆದುಕೊಂಡರು. ಮಿರಜಿನವರು ಹೇಳಿದ್ದು ಸಾಲದೆಂದು ಸಾಂಗಲಿಗೆ, ಸಾಂಗಲಿಯವರು ಹೇಳಿದ್ದೂ ಸಾಲದೆಂದು ಬೆಳಗಾವಿಗೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ತಿಳಿಸುತ್ತಿರಲಿಲ್ಲ. ಬೆಳಗಾವಿಯ ಡಾಕ್ಟರು ಸಿಟ್ಟಾಗಿ, ನಿಮಗೆ ನನ್ನ ಮೇಲೆ ನಂಬಿಕೆ ಇಲ್ಲವೇ ಎಂದು ಕೇಳಿದಾಗ ಕಾಕು ಇಲ್ಲವೆಂದೇ ಹೇಳಿದರಂತೆ. ಮೂವರೂ ‘ಕೊಯ್ದರೆ ಬದುಕುತ್ತಾರೆ’ ಎಂದ ಮೇಲೆ ಕಾಕಾರ ಮಾತು ನಡೆಯಲಿಲ್ಲ. ಯುಗಾದಿ ಪಾಡ್ಯ ಕಳೆದು ಆಪರೇಶನ್ ಆಯಿತು.

ನಾನು ನೋಡಲು ಹೋದಾಗ ಕಾಕು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಔಷಧಿಯ ಚೀಟಿಯನ್ನೂ ಬಾಟಲಿಯನ್ನೂ ತಾಳೆ ನೋಡುತ್ತಿದ್ದರು. ನನ್ನನ್ನು ಕಂಡವರೇ, ‘ಮುದಕಂದು’ ಸಿನಿಮಾ ಚಲೋ ಇದೆ, ವರ್ಷಕ್ಕೆ ಅದೇ ಎಂದರು. ಒಂದು ತಕರಾರು ಮಾತ್ರ ಇತ್ತು. “ಆಕಿ ಹೆಂತಾ ಹೆಂಗಸರಿ? ಗಂಡ ಒಂದೊಂದ ಎಲ್ಲಾ ಕಲಿಸಾಕತ್ರ, ಯಾಕ ಕಲಿಸಾಕತ್ತಿ ಅಂತ ಒಮ್ಮೆರೆ ಕೇಳಬಾರದ? ಕೇಳಿದ್ರ ಅಂವಾ ಉಳೀತಿದ್ದ.” ಅವರು ಸಿನಿಮಾದ ಕೊನೆಯನ್ನೇ ಬದಲಿಸಿ ಕೂತಿದ್ದರು, ಅದೂ ಮುಖದಲ್ಲಿ ಗೆಲುವು ತುಂಬಿಕೊಂಡು.

ಕಾಕಾ ಚೇತರಿಸಿಕೊಂಡು ಮನೆಗೆ ಬಂದರು. ಮೈಗೆ ಬಣ್ಣ ಬಂತು, ಹೊಲಕ್ಕೆ ಹೋಗತೊಡಗಿದರು. ಕಾಕು ಅವರ ತಟ್ಟೆ, ಮಾತ್ರೆ, ಕೆಮ್ಮು ಎಲ್ಲದರ ಮೇಲೂ ಕಣ್ಣಿಟ್ಟಿದ್ದರು. ತಮ್ಮ ಮೇಲೆ ಇಡಲಿಲ್ಲ. ನಾವೂ ಇಡಲಿಲ್ಲ. ಶ್ರಾವಣದ ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ಕಾಕು ಒಲೆಯ ಮುಂದೆಯೇ ವಾಲಿದರು. ಹೃದಯ ನಿಂತಿತ್ತೆಂದು ಡಾಕ್ಟರು ಆಮೇಲೆ ಹೇಳಿದರು. ನಾನು ಶಾಲೆಯಿಂದ ಓಡಿ ಬಂದಾಗ ಕಾಕಾ ಪಕ್ಕದಲ್ಲಿ ಕೂತು, ಬಂದವರನ್ನೆಲ್ಲ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು.

ಈ ಸಲದ ಎಳ್ಳ ಅಮಾವಾಸ್ಯೆಗೆ ಸುನಂದಾ ಐಗಳಿಯಿಂದಲೇ ಬುತ್ತಿ ಕಟ್ಟಿಕೊಂಡು ಬಂದಿದ್ದಳು. ಚರಗ ಚೆಲ್ಲಿ ಉಂಡ ಮೇಲೆ ರೂಢಿಯಂತೆ ಯಾರೋ ಸಿನಿಮಾದ ಮಾತು ತೆಗೆದರು, ಅದು ಮುಂದೆ ಸಾಗಲಿಲ್ಲ. ನಾನು ಯಾವುದನ್ನು ಹೇಳುತ್ತೇನೆಂದು ಎಲ್ಲರಿಗೂ ಗೊತ್ತಿತ್ತು. ಸುನಂದಾ ಎಲ್ಲರ ಮುಂದೆ ಉಳಿದ ಕಡುಬು ಇಟ್ಟಳು. ಕಾಕಾ ತಮ್ಮದನ್ನು ಕೈಯಲ್ಲಿ ಹಿಡಿದು ಕೂತವರು, ನನ್ನ ಕಡೆ ತಿರುಗಿದರು.

“ಬಾಯಾರ, ನಾ ಹ್ವಾದ್ರ ಆಕಿಗೆ ತ್ರಾಸ ಆಗಬಾರದಂತ ಮೋಟಾರ್ ಚಾಲೂ ಮಾಡೂದ ಕಲಿಸಿದ್ನಿ,” ಎಂದರು. “ನನಗ ಆಕಿ ಒಂದ ರೊಟ್ಟಿ ಬಡಿಯೂದೂ ಕಲಿಸಲಿಲ್ಲರಿ.”